ಟ್ರೈಲರ್ ಜಾಕ್‌ಗೆ ಪಾಲಿಯುರೆಥೇನ್ ಸೀಲ್ ಕಿಟ್: ಸುಂಟಿಕೊಪ್ಪದ ಮಳೆಯಲ್ಲಿ ಬಳಸಿ ನೋಡಿದ್ದು

ತೋಟದ ಟ್ರ್ಯಾಕ್ಟರ್ ಟ್ರೈಲರ್ ಎತ್ತುವ ಹೈಡ್ರಾಲಿಕ್ ಜಾಕ್‌ಗೆ ಈ ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಸೀಲ್ ಕಿಟ್ ಹಾಕಿಸಿ ಎರಡು ಮೂರು ಮಳೆಗಾಲ ಕಳೆದಿವೆ. ಕಿಟ್ ಚೆನ್ನಾಗಿದೆ. ಆದರೆ ಅದೊಂದನ್ನೇ ನಂಬಿ ದುಡ್ಡು ಹಾಕಬೇಡಿ.

ನಮ್ಮ ಕೊಡಗಿನ ಸುಂಟಿಕೊಪ್ಪ ಕಡೆ ಜೂನ್ ಬಂತು ಅಂದ್ರೆ ತೋಟದ ದಾರಿಯೆಲ್ಲ ಕೆಂಪು ಕೆಸರು. ಅದೆಲ್ಲ ಸಿಡಿಯುವುದು ಜಾಕ್ ಮೇಲೆಯೇ. ಹಿಂದೆ ಹಾಕಿಸುತ್ತಿದ್ದ ಮಾಮೂಲಿ ರಬ್ಬರ್ ಸೀಲ್ ಒಂದು ಮಳೆಗಾಲಕ್ಕೇ ಸೋರುತ್ತಿತ್ತು. "ಸೀಲ್ ಹೋಗಿದೆ ಸಾರ್" ಅಂತ ಮೆಕ್ಯಾನಿಕ್ ಪ್ರತಿ ಸಲ ಹೊಸದು ಹಾಕುತ್ತಿದ್ದ.

ಕಾರಣ ಹಿಡಿದವರು ನಮ್ಮ ಭಾವ. ವಾಯುಪಡೆಯಲ್ಲಿ ಸಣ್ಣ ವಿಮಾನಗಳ ಲ್ಯಾಂಡಿಂಗ್ ಗೇರ್ ಕೆಲಸ ಮಾಡಿ ನಿವೃತ್ತರಾದವರು. ಸೀಲ್ ಕಡೆ ನೋಡಲೇ ಇಲ್ಲ, ಜಾಕ್‌ನಿಂದ ಹೊರಗೆ ಚಾಚುವ ರಾಡ್ ಮೇಲೆ ಉಗುರು ಎಳೆದರು. "ತುಕ್ಕಿನ ಗುಳಿ ನೋಡು. ಇದು ಅರ ಇದ್ದ ಹಾಗೆ. ಯಾವ ಸೀಲ್ ಹಾಕಿದ್ರೂ ಉಜ್ಜಿ ಹಾಕುತ್ತೆ."

ವಿಮಾನದ ಚಕ್ರದ ಮೇಲಿದ್ದು ಇಳಿಯುವಾಗಿನ ಹೊಡೆತ ತಾಳುವ ಶಾಕ್ ಸ್ಟ್ರಟ್‌ನಲ್ಲಿ ಹೊರಗೆ ಕಾಣುವ ಹೊಳೆಯುವ ಭಾಗವನ್ನು ಒಣ ಬಟ್ಟೆಯಲ್ಲಿ ಒರೆಸುವುದಿಲ್ಲವಂತೆ. ಒಳಗಿರುವ ಅದೇ ಕೆಂಪು 5606 ಹೈಡ್ರಾಲಿಕ್ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯೇ ಬೇಕು. ಧೂಳು ಹಿಡಿದ ರಾಡ್ ಒಳಗೆ ಸರಿದರೆ ಮೊದಲು ವೈಪರ್ (ರಾಡ್ ಮೇಲಿನ ಕೊಳೆ ಒರೆಸುವ ಬಳೆ) ಹೋಗುತ್ತದೆ, ಆಮೇಲೆ ಸೀಲ್. ಅಲ್ಲಿ ಸ್ಟ್ರಟ್ ಕುಸಿದು ಇಳಿಯುವಾಗಿನ ಹೊಡೆತ ವಿಮಾನಕ್ಕೇ ಬೀಳುತ್ತದೆ, ಇಲ್ಲಿ ಗೊಬ್ಬರದ ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ!

ರಾಡನ್ನು ಮೈಸೂರಿಗೆ ಕಳಿಸಿ ಗ್ರೈಂಡ್ ಮಾಡಿಸಿ, ಹಾರ್ಡ್ ಕ್ರೋಮ್ ಲೇಪನ ಹಾಕಿಸಿ, ಮತ್ತೆ ಪಾಲಿಶ್ ಮಾಡಿಸಿದೆ. ಕಿಟ್‌ಗಿಂತ ಇದಕ್ಕೇ ಜಾಸ್ತಿ ಖರ್ಚಾಯಿತು. ಕ್ರೋಮ್‌ನಲ್ಲೂ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ತೇವ ಅಲ್ಲಿಂದಲೇ ಇಳಿಯುತ್ತದೆ. ಅದಕ್ಕೇ ಟ್ರೈಲರ್ ಎತ್ತಿಟ್ಟು ರಾತ್ರಿಯಿಡೀ ಮಳೆಗೆ ಬಿಡುವುದಿಲ್ಲ. ಇಳಿಸಿದರೆ ರಾಡ್ ಎಣ್ಣೆಯೊಳಗೆ ಭದ್ರ.

ಕಿಟ್‌ನಲ್ಲಿ ನನಗೆ ಹಿಡಿಸಿದ್ದು ಎರಡು ತುಟಿಯ ವೈಪರ್. ಹೊರಗಿನ ತುಟಿ ಕೆಸರು ತಳ್ಳುತ್ತದೆ, ಒಳಗಿನದು ಎಣ್ಣೆ ತಡೆಯುತ್ತದೆ. ಬಿಸಿಲಿಗೆ ಸ್ವಲ್ಪ ಗಟ್ಟಿಯಾಗಿದೆ, ಹರಿದಿಲ್ಲ. ರಾಡ್ ಮೇಲೆ ಈಗಲೂ ತೆಳ್ಳಗೆ ಎಣ್ಣೆ ಪದರ ಕಾಣುತ್ತದೆ. ಅದು ಸೋರಿಕೆ ಅಲ್ಲ, ಇರಲೇಬೇಕು. ಹನಿ ಬಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಮೊದಲು ಅದನ್ನು ಬದಲಿಸಿ. ಕಾರಿನ ಬ್ರೇಕ್ ಆಯಿಲ್ ಅಂತೂ ಸುರಿಯಲೇಬೇಡಿ, ಒಳಗಿನ ನೈಟ್ರೈಲ್ ರಬ್ಬರಿನ ಓ-ರಿಂಗ್ (ಸೋರದಂತೆ ತಡೆಯುವ ದುಂಡು ಬಳೆ) ಉಬ್ಬಿಹೋಗುತ್ತದೆ. ಇಳಿಜಾರಿನಲ್ಲಿ ಓರೆಯಾಗಿ ನಿಲ್ಲಿಸಿ ಲೋಡ್ ಎತ್ತಿದರೆ ರಾಡ್ ಬಾಗುತ್ತದೆ, ಅದಕ್ಕೆ ಯಾವ ಕಿಟ್ಟೂ ಉತ್ತರವಲ್ಲ.

ದೂರು ಒಂದಿದೆ. ಓ-ರಿಂಗ್ ಜೊತೆ ಬರುವ, ಅದಕ್ಕೆ ಆಸರೆ ಕೊಡುವ ಬ್ಯಾಕಪ್ ರಿಂಗ್ ಒತ್ತಡ ಬರುವ ಕಡೆಗೆ ಅಲ್ಲ, ಅದರ ಎದುರು ಬದಿಗೆ ಕೂರಬೇಕು. ತಿರುವು ಮುರುವು ಆದರೆ ಓ-ರಿಂಗ್ ಸಂದಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಇಷ್ಟು ಮುಖ್ಯ ವಿಷಯಕ್ಕೆ ಡಬ್ಬದಲ್ಲಿ ಒಂದು ಚಿತ್ರವೂ ಇಲ್ಲ. ಭಾವ ಇದ್ದರು, ಸರಿಹೋಯಿತು. ಎಲ್ಲರ ಮನೆಯಲ್ಲೂ ಅಂಥ ಭಾವ ಇರಲ್ಲ ಅಲ್ವಾ? ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್.