ಯುಕೆ ಕೇರ್ ವೀಸಾ: ಸಿಒಎಸ್‌ಗೆ ದುಡ್ಡು ಕೇಳಿದರೆ ಅಲ್ಲೇ ಎದ್ದು ಬನ್ನಿ

'ಇಂಗ್ಲೆಂಡಿಗೆ ಕೇರ್ ವರ್ಕರ್ ವೀಸಾ' ಅಂತ ಯಾರಾದರೂ ಊರಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಹೊರದೇಶದಿಂದ ಕೇರ್ ವರ್ಕರ್‌ಗಳನ್ನು, ಅಂದರೆ ವಯಸ್ಸಾದವರ, ಕಾಯಿಲೆಯವರ ಆರೈಕೆ ಮಾಡುವವರನ್ನು, ಹೊಸದಾಗಿ ಕರೆಸಿಕೊಳ್ಳುವುದನ್ನು ಅಲ್ಲಿನ ಸರ್ಕಾರ 2025ರ ಜುಲೈ 22ಕ್ಕೆ ನಿಲ್ಲಿಸಿದೆ. ಓದಲು ಹೋಗಿ ಈಗಾಗಲೇ ಅಲ್ಲೇ ಇರುವವರೇ ಈಗ ಜಾಸ್ತಿ ಹುಷಾರಾಗಿರಬೇಕು.

ನಾನು ಹೋಗಿದ್ದು 2023ರಲ್ಲಿ. 'ಸಿಸ್ಟರ್, ಸಿಒಎಸ್‌ಗೆ ಹನ್ನೆರಡು ಲಕ್ಷ ಆಗ್ತದೆ, ಎರಡು ವರ್ಷದಲ್ಲಿ ತೀರಿಸ್ಬಹುದು' ಅಂದ ಮಂಗಳೂರಿನ ಏಜೆಂಟ್. ಅಮ್ಮನ ಚಿನ್ನ ಸೊಸೈಟಿಯಲ್ಲಿ ಅಡವಿಟ್ಟೆವು. ಈ ಸಿಒಎಸ್ (ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್) ಅನ್ನುವುದು ಕೆಲಸ ಕೊಡುವ ಕಂಪನಿ ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸಿನ ಮೂಲಕ ನಮ್ಮ ಹೆಸರಿಗೆ ಮಾಡಿಸುವ ಒಂದು ನಂಬರ್, ಅಷ್ಟೇ. ಆಗ ಅದರ ಫೀಸು ಇನ್ನೂರು ಪೌಂಡ್ ಆಸುಪಾಸು, ಅಂದರೆ ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಉಳಿದ ಹನ್ನೊಂದು ಚಿಲ್ಲರೆ ಲಕ್ಷ ಯಾರ್ಯಾರ ಜೇಬಿಗೆ ಹೋಯಿತೋ!

ಕಾಂಟ್ರಾಕ್ಟಿನಲ್ಲಿ ವಾರಕ್ಕೆ 39 ಗಂಟೆ ಅಂತ ಇತ್ತು. ಬೆಳಿಗ್ಗೆ ಆರೂವರೆಗೆ ಮೊದಲ ಕಾಲ್ (ಆರೈಕೆಗೆ ಒಬ್ಬರ ಮನೆಗೆ ಹೋಗುವುದು), ಕೊನೆಯದು ರಾತ್ರಿ ಒಂಬತ್ತಕ್ಕೆ. ಹಾಸಿಗೆ ಹಿಡಿದ ಅಜ್ಜಿಗೆ ಪ್ಯಾಡ್ ಬದಲಿಸಿ, ಮೈ ಒರೆಸಿ, ಮಾತ್ರೆ ಕೊಟ್ಟು, ಟೋಸ್ಟ್ ಮಾಡಿಟ್ಟು ಹೊರಡಲು ಅರ್ಧ ಗಂಟೆ. ಅದಕ್ಕೆ ಸಂಬಳ. ಮುಂದಿನ ಮನೆಗೆ ಇಪ್ಪತ್ತೈದು ನಿಮಿಷದ ಡ್ರೈವ್, ಅದಕ್ಕೆ ಇಲ್ಲ. ಇಡೀ ದಿನ ಹೊರಗಿದ್ದರೂ ಏಳು ಗಂಟೆಯ ದುಡ್ಡು ಬಂದರೆ ಪುಣ್ಯ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಹೊತ್ತನ್ನೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಬೇಕು ಅಂತ ಅಲ್ಲಿ ಕಾನೂನೇ ಇದೆ. ಪೇಸ್ಲಿಪ್‌ನಲ್ಲಿ ಮಾತ್ರ ಕಾರಿನ ಬಾಡಿಗೆ, ಟ್ರೈನಿಂಗ್, ರೂಮಿನ ಬಾಡಿಗೆ ಅಂತ ಕಡಿತದ ಸಾಲೇ ಉದ್ದ. ಆ ರೂಮಿನಲ್ಲಿ ಮೂವರಿಗೆ ಎರಡು ಮಂಚ. ನೈಟ್ ಮುಗಿಸಿ ಬಂದವಳು ಡೇಗೆ ಹೋದವಳ ಹಾಸಿಗೆಯಲ್ಲಿ ಮಲಗಬೇಕು.

ಲೆಕ್ಕ ಕೇಳಿದಾಗ ಮ್ಯಾನೇಜರ್ ಅಂದಿದ್ದು: 'ಸ್ಪಾನ್ಸರ್‌ಶಿಪ್ ತೆಗೆದುಹಾಕ್ತೀನಿ, 60 ದಿನದಲ್ಲಿ ಊರಿಗೆ ಹೋಗ್ತೀಯ. ಬಿಡೋದಾದ್ರೆ ನಾಲ್ಕು ಸಾವಿರ ಪೌಂಡ್ ಕಟ್ಟು.' ಅವರೂ ನಮ್ಮ ದೇಶದವರೇ. ದಿನಾ ಊಟ ಆಯ್ತಾ ಅಂತ ಕೇಳುತ್ತಿದ್ದವರು. ಮನೆಯಲ್ಲಿ ಸಾಲ ಇರುವವಳು ಬಾಯಿ ಬಿಡಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಜ ಏನೆಂದರೆ, ಆ 60 ದಿನ ಶುರುವಾಗುವುದು ಹೋಮ್ ಆಫೀಸಿನಿಂದ ನಮಗೆ ಪತ್ರ ಬಂದ ಮೇಲೆ, ಮ್ಯಾನೇಜರ್ ಗದರಿಸಿದ ದಿನದಿಂದ ಅಲ್ಲ. ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಲೂ ಅವಕಾಶ ಇದೆ. ನಾನು ಹಾಗೇ ಹೊರಗೆ ಬಂದೆ. ಹನ್ನೆರಡು ಲಕ್ಷ ಬರಲಿಲ್ಲ.

ನಿಮ್ಮ ಪಾಸ್‌ಪೋರ್ಟ್ 'ಸೇಫ್ಟಿಗೆ' ಅಂತ ಅವರ ಹತ್ತಿರ ಇದೆಯಾ? ಸಂಬಳ ಖಾತೆಗೆ ಹಾಕಿ, ಅದರಲ್ಲಿ ಇಷ್ಟು ಕ್ಯಾಶ್ ವಾಪಸ್ ಕೊಡು ಅಂತಾರಾ? ಹುಷಾರಿಲ್ಲ ಅಂದರೂ ವೀಸಾ ಮಾತೆತ್ತುತ್ತಾರಾ? ಸುಮ್ನೆ ಇರಬೇಡಿ. ಯುಕೆಯಲ್ಲಿ ಮಾಡರ್ನ್ ಸ್ಲೇವರಿ (ಈಗಿನ ಕಾಲದ ಜೀತ) ಸಹಾಯವಾಣಿ 08000 121 700, ಕರೆ ಉಚಿತ. ರೋಟಾ (ಡ್ಯೂಟಿ ಪಟ್ಟಿ), ಪೇಸ್ಲಿಪ್, ಬೆದರಿಕೆಯ ಮೆಸೇಜು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಊರಲ್ಲಿ ಒಬ್ಬರಿಗೆ ಕಳಿಸಿಡಿ. ಕೆಲಸದ ಆ್ಯಪ್ ಯಾವಾಗ ಬೇಕಾದರೂ ಲಾಕ್ ಮಾಡುತ್ತಾರೆ.

ನಮ್ಮ ಏಜೆಂಟ್ ಅಂಗಡಿ ಮುಚ್ಚಿಲ್ಲ. ಈಗ ಬೋರ್ಡಿನಲ್ಲಿ ಜರ್ಮನಿ ಅಂತ ಇದೆ. ಯಾವ ದೇಶವೇ ಆಗಲಿ, ದುಡ್ಡು ಕೊಡುವ ಮೊದಲು ನಮ್ಮ ವಿದೇಶಾಂಗ ಇಲಾಖೆಯ ಇಮೈಗ್ರೇಟ್ ವೆಬ್‌ಸೈಟಿನಲ್ಲಿರುವ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಏಜೆಂಟ್ ಹೆಸರು ಹುಡುಕಿ. ಅದರಲ್ಲಿ ಇರುವವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ, ರಸೀದಿಯನ್ನೂ ಕೊಡಲೇಬೇಕು.