ಒಂದು ತಿಂಗಳ ಚಂದಾ, ಒಬ್ಬ ಕೂಲಿಯವನ ಮನೆ

ಮಗಳ ಬಾಣಂತನಕ್ಕೆಂದು ಹೆಂಡತಿ ಜತೆ ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್‌ಗೆ ಬಂದೆ. ಕೆಲಸ ಪೂರ್ತಿ ಅವಳದ್ದು, ನನ್ನದು ಬರೀ ಕಾಫಿ ಕುಡಿಯೋದು. ಪಕ್ಕದ ಮನೆ ಅಜ್ಜಿ ಒಂದು ದಿನ, ‘ನಮ್ಮ ಮುತ್ತಜ್ಜ ಇದೇ ಊರಲ್ಲಿ ಕೂಲಿ ಮಾಡ್ತಿದ್ದರಂತೆ’ ಅಂದರು. ಮೂವತ್ತು ವರ್ಷ ಪಹಣಿ, ಖಾತೆ ನೋಡಿದವನಿಗೆ ಅಷ್ಟು ಸಾಕಲ್ಲ? ಹಳೇ ಜನಗಣತಿ ತೋರಿಸುವ ಒಂದು ವೆಬ್‌ಸೈಟಿಗೆ ಮಗಳ ಕೈಲಿ ಹದಿನೈದು ಪೌಂಡ್ ಕಟ್ಟಿಸಿದೆ.

ಮೊದಲು ದೂರು. ಟೈಪ್ ಮಾಡಿದ ಪಟ್ಟಿಯನ್ನು ನಂಬಲೇಬೇಡಿ. ಆ ಮನೆತನದ ಹೆಸರಲ್ಲಿ ಜೋಡಿ ‘ಎಸ್’ ಇದೆ. ಹಳೇ ಕೈಬರಹದಲ್ಲಿ ಅದು ‘ಪಿ’ ಥರ ಕಾಣುತ್ತೆ, ನಕಲು ಮಾಡಿದವರು ಹಾಗೇ ಇಳಿಸಿದ್ದಾರೆ. ನಾಲ್ಕು ದಿನ ಒದ್ದಾಡಿ, ಕೊನೆಗೆ ಹೆಸರು ಬಿಟ್ಟು ಊರಿನ ಪುಟಗಳನ್ನೇ ಒಂದೊಂದಾಗಿ ತಿರುವಿದೆ. ಸಿಕ್ಕಿತು.

ದುಡ್ಡು ಕೊಡಬೇಕಾದ್ದು ಆ ಪುಟಗಳ ಚಿತ್ರಕ್ಕೇ. ಮನೆಮನೆಗೆ ಹಂಚಿದ್ದ ಫಾರಂ ಉಳಿದಿಲ್ಲ, ಗಣತಿದಾರ ನಕಲು ಮಾಡಿದ ಪುಸ್ತಕ ಮಾತ್ರ ಇದೆ. ಮೇಲಿನ ಕಚೇರಿಯವರು ವಯಸ್ಸಿನ ಮೇಲೇ ಪೆನ್ಸಿಲ್ ಗೀಟು ಹಾಕಿದ್ದಾರೆ. ನಮ್ಮ ಶಿರಸ್ತೇದಾರರ ಕೆಂಪು ಇಂಕು ನೆನಪಾಯಿತು.

1841ರಲ್ಲಿ ಮನೆ ಯಜಮಾನನ ವಯಸ್ಸು 25, 1851ರಲ್ಲಿ 38! ಸುಳ್ಳಲ್ಲ. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಅಂತ ಸೂಚನೆ ಇತ್ತು. ಯಾರು ಯಾರಿಗೆ ಏನಾಗಬೇಕು ಅನ್ನೋದೂ ಅದರಲ್ಲಿಲ್ಲ. 1851ರಿಂದ ಸಂಬಂಧ, ಹುಟ್ಟಿದ ಊರು ಎಲ್ಲಾ ಇದೆ. ಉದ್ಯೋಗದ ಕಲಂನಲ್ಲಿ ‘ಆಗ್ ಲ್ಯಾಬ್’, ಅಂದರೆ ಹೊಲದ ಕೂಲಿ. ಒಂಬತ್ತು ವರ್ಷದ ಮಗನಿಗೂ ಅದೇ. ಆ ಹುಡುಗನೇ ಅಜ್ಜಿಯ ಮುತ್ತಜ್ಜ. ಹೆಂಡತಿ, ಏಳು ವರ್ಷದವಳು, ಐದು ವರ್ಷದವಳು, ಮೂವರಿಗೂ ‘ಸ್ಟ್ರಾ ಪ್ಲೇಟರ್’. ಲೂಟನ್ನಿನ ಟೋಪಿ ಮಾಡುವವರಿಗಾಗಿ ಗೋಧಿ ಹುಲ್ಲನ್ನು ಜಡೆಯಂತೆ ಹೆಣೆಯುವವರು. ಮೂಲೆಯಲ್ಲಿ ಅತ್ತೆ, ಅವಳ ಮುಂದೆ ‘ಪಾಪರ್’, ಅಂದರೆ ಗತಿಯಿಲ್ಲದ ಬಡವಿ. ಕೂಲಿ ಎಷ್ಟು ಅಂತ ಗಣತಿ ಹೇಳೋದಿಲ್ಲ. ಆಗ ಈ ಕಡೆ ವಾರಕ್ಕೆ ಒಂಬತ್ತು ಹತ್ತು ಷಿಲಿಂಗ್ ಆಸುಪಾಸು. ಐದು ವರ್ಷದ ಕೂಸು ಯಾಕೆ ಹುಲ್ಲು ಹೆಣೀತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

1891ಕ್ಕೆ ಆ ಹುಡುಗನಿಗೆ 49, ಅವನೂ ‘ಆಗ್ ಲ್ಯಾಬ್’. ಐದಕ್ಕಿಂತ ಕಡಿಮೆ ಕೋಣೆಯಿದ್ದರೆ ಬರೆಯುವ ಹೊಸ ಕಲಂನಲ್ಲಿ 3, ಜನ ಏಳು. ಆರು ವರ್ಷದ ಮಗು ‘ಸ್ಕಾಲರ್’. ವಿದ್ವಾಂಸನಲ್ಲ, ಇಸ್ಕೂಲಿಗೆ ಹೋಗ್ತಿತ್ತು ಅಷ್ಟೆ. ಚೀನಾದ ಅಗ್ಗದ ಹೆಣಿಗೆ ಬಂದು ಇಲ್ಲಿಯವರ ಹೆಣಿಗೆ ನೆಲಕಚ್ಚಿತ್ತು. ಹೆಂಡತಿಯ ಮುಂದೆ ಕಲಂ ಖಾಲಿ.

ಅಲ್ಲಿ ಬಹಳ ಹೊತ್ತು ಕೂತೆ. 1991ರಲ್ಲಿ ನಾನೂ ತುಮಕೂರು ಕಡೆ ಗಣತಿ ಡ್ಯೂಟಿ ಮಾಡಿದವನು. ಸಂಬಳವಿಲ್ಲದೆ ಸ್ವಂತ ಹೊಲದಲ್ಲಿ ದುಡಿದರೂ ಕೆಲಸವೆಂದೇ ಬರೆಯಿರಿ ಅಂತ ಫಾರಂನಲ್ಲೇ ಅಚ್ಚಾಗಿತ್ತು. ಸೀರೆ ಸೆರಗಲ್ಲಿ ಕಳೆ ಮಣ್ಣು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದವಳನ್ನು ‘ಏನಮ್ಮಾ, ಮನೇಲೇ ಇರ್ತೀಯಾ?’ ಅಂತ ಕೇಳಿ, ಅವಳು ‘ಹೂಂ ಸ್ವಾಮಿ’ ಅಂದಿದ್ದನ್ನೇ ಬರೆದುಕೊಂಡು ಮುಂದಿನ ಮನೆಗೆ ಹೋದೆ. ಎಷ್ಟು ಮನೆಗಳಲ್ಲೋ.

ಚಂದಾ ಕಟ್ಟುವ ಮುಂಚೆ ಎರಡು ವಿಷಯ. 1881ರ ಪಟ್ಟಿ ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟಿನಲ್ಲಿ ಪುಕ್ಕಟೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದರೆ ಇಂಥ ದೊಡ್ಡ ವೆಬ್‌ಸೈಟುಗಳನ್ನು ಅಲ್ಲೇ ಕೂತು ದುಡ್ಡಿಲ್ಲದೆ ನೋಡಬಹುದು. ನಾನು ಕಟ್ಟಿದ ಚಂದಾ, ರದ್ದು ಮಾಡದಿದ್ದರೆ ತಿಂಗಳು ಮುಗಿಯುತ್ತಲೇ ತಾನಾಗಿ ಇನ್ನೊಂದು ತಿಂಗಳಿಗೆ ದುಡ್ಡು ಕಿತ್ತುಕೊಳ್ಳುತ್ತೆ. ಮಗಳು ಬೈದಳು. ಇರಲಿ, 1901 ನೋಡೋದು ಬಾಕಿ ಇದೆ.