ಹಡಗಲಿ ಮಲ್ಲಿಗೆ ಅಂತ ಕಾಕಡ ಮಾರುತ್ತಿದ್ದಾರೆ, ಟಂಟಂ ಕಂಡರೆ ಹುಷಾರು

ಬಳ್ಳಾರಿಯವರೇ, ದಯವಿಟ್ಟು ಓದಿ. ಟಂಟಂ ಆಟೋದಲ್ಲಿ ಗಿಡ ಹೇರಿಕೊಂಡು, ಮೈಕಿನಲ್ಲಿ 'ಹಡಗಲಿ ಮಲ್ಲಿಗೆ, ಹಡಗಲಿ ಮಲ್ಲಿಗೆ' ಅಂತ ಕೂಗುತ್ತಾ ಓಣಿ ಓಣಿ ತಿರುಗುವವನೊಬ್ಬ ಇದ್ದಾನೆ. ಅವನು ಕೊಡುವುದು ಹಡಗಲಿ ಮಲ್ಲಿಗೆ ಅಲ್ಲ. ಕಾಕಡ. ನೋಡಲು ಮಲ್ಲಿಗೆಯ ಹಾಗೇ ಇದ್ದರೂ ಆ ಘಮವೇ ಇಲ್ಲದ ಕಾಕಡ.

ಶಿವರಾತ್ರಿ ಹೊತ್ತಿಗೆ ಬಂದಿದ್ದ. ಗಿಡಕ್ಕೆ 180 ರೂಪಾಯಿ ಹೇಳಿದ. ಕಡಿಮೆ ಮಾಡಪ್ಪಾ ಅಂದರೆ, 'ಅಕ್ಕಾರೆ, ಜಿಐ ಟ್ಯಾಗ್ ಸಿಕ್ಕಿರೋ ಹೂವ್ರೀ ಇದು' ಅಂದ. ಇದು ಇಂಥ ಊರಿನದೇ ಬೆಳೆ ಅಂತ ಸರ್ಕಾರ ಕೊಡುವ ಆ ಟ್ಯಾಗ್ ಹಡಗಲಿ ಮಲ್ಲಿಗೆಗೆ ಇರುವುದು ನಿಜ. ಆ ನಿಜವನ್ನೇ ಹಿಡಿದುಕೊಂಡು ಸುಳ್ಳು ಮಾರಿದ. ಕೊನೆಗೆ 150ಕ್ಕೆ ಒಂದರಂತೆ ನಾಲ್ಕು ಕೊಟ್ಟ. ಒಂದರಲ್ಲೂ ಮೊಗ್ಗಿರಲಿಲ್ಲ. 'ಈಗಷ್ಟೇ ಕುಡಿ ಕತ್ತರಿಸೀವ್ರಿ' ಅಂದ.

ನಮ್ಮದು ಎರೆ ಮಣ್ಣು. ನೀರು ನಿಂತರೆ ಮಲ್ಲಿಗೆ ಬೇರು ಕೊಳೆಯುತ್ತದೆ. ಅದಕ್ಕೇ ಗುಂಡಿ ತೆಗೆಸಿ, ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ನೆಟ್ಟೆ. ಆ ಬಿಸಿಲಲ್ಲಿ ಬುಡಕ್ಕೆ ಒಣ ಹುಲ್ಲು ಮುಚ್ಚಿ ಕಾಪಾಡಿದೆ. ಗಿಡ ಚೆನ್ನಾಗಿಯೇ ಬಂತು. ಬೇಸಿಗೆಯಲ್ಲಿ ಹೂವು ಬಿಡಲಿಲ್ಲ, ಹೊಸ ಗಿಡ ಅಲ್ವಾ ಅಂತ ಸುಮ್ಮನಿದ್ದೆ. ಚಳಿ ಶುರುವಾಗುತ್ತಿದ್ದ ಹಾಗೆ ಗಿಡದ ತುಂಬ ಬೆಳ್ಳಗೆ ಹೂವು.

ಖುಷಿಯಿಂದ ಮಾಲೆ ಕಟ್ಟಿ, ಮನೆಗೆ ಬಂದಿದ್ದ ಅತ್ತಿಗೆಗೆ 'ಹಡಗಲಿದು, ಮುಡ್ಕೊಳ್ರಿ' ಅಂತ ಕೊಟ್ಟೆ. ಅವರ ತವರು ಹಡಗಲಿ ಕಡೆ. ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು. 'ಇದು ಕಾಕಡ ಅಲ್ಲೇನವಾ?' ಅಂದರು. ಮನೆ ತುಂಬ ಜನ. ನನಗೆ ಮುಖ ಎತ್ತಲಾಗಲಿಲ್ಲ. ಆಮೇಲೆ ಅವರೇ ಗಿಡದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಹಡಗಲಿ ಮಲ್ಲಿಗೆಯಲ್ಲಿ ಬಹಳಷ್ಟು ಎಲೆಗಳ ಬುಡಕ್ಕೆ ಕಿವಿಯ ಹಾಗೆ ಎರಡು ಪುಟ್ಟ ಎಲೆ ಇರುತ್ತವೆ. ನಮ್ಮ ಗಿಡದಲ್ಲಿ ಹುಡುಕಿದರೂ ಒಂದಿಲ್ಲ. ಕುಡಿಯೆಲ್ಲ ನವಿರು ರೋಮ, ಅದು ಕಾಕಡದ ಗುರುತು. ಚಳಿಗಾಲದಲ್ಲಿ ಸಂತೆಗೆ ಜಾಸ್ತಿ ಬರುವುದೂ ಅದೇ ಅಲ್ವಾ.

ಅವನಿಗೆ ಫೋನ್ ಮಾಡಿದೆ. 'ಬೋರಿನ ನೀರು ಹಾಕೀರೇನ್ರಿ? ಉಪ್ಪು ನೀರಿಗೆ ವಾಸ್ನಿ ಹೋಗ್ತೈತ್ರಿ' ಅಂದ. ನಾನು ಹಾಕಿದ್ದು ನಲ್ಲಿ ನೀರು. ಹಾಗಂದ ತಕ್ಷಣ ಮಾತು ತಿರುಗಿಸಿದ. 'ಹಂಗಾರ ನಿಮ್ಮ ಬಳ್ಳಾರಿ ಬಿಸಲ್ರಿ, ವಾಸ್ನಿ ಆರಿಹೋಗ್ತೈತಿ.' ಹಡಗಲಿಯಲ್ಲೂ ಇದೇ ಬಿಸಿಲು! 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ಅದು ನಮ್ಮ ಜಿಲ್ಲೆಯ ತಾಲೂಕೇ ಆಗಿತ್ತು. ನನಗೇ ಈ ಕಥೆ ಹೇಳುತ್ತಾನೆ. ಆಮೇಲೆ 'ಎರಡನೇ ವರ್ಷಕ್ಕ ಬರ್ತೈತ್ರಿ' ಅಂದ. ಹತ್ತು ವರ್ಷ ಕಾದರೂ ಕಾಕಡಕ್ಕೆ ಆ ಘಮ ಬರುವುದಿಲ್ಲ. ಕೊನೆಗೆ ಏನಂದ ಗೊತ್ತಾ? 'ಹೂವು ಬಿಟ್ಟೈತಿಲ್ಲ, ಮತ್ತೇನ್ ಬೇಕ್ರಿ ನಿಮಗ?' ಈ ಮಾತು ಇನ್ನೂ ಚುಚ್ಚುತ್ತಿದೆ. ಈಗ ಫೋನ್ ಎತ್ತುವುದೇ ಇಲ್ಲ.

ಕಾಕಡದ ಮೇಲೆ ನನಗೆ ಸಿಟ್ಟಿಲ್ಲ. ಕಾಕಡ ಅಂತ ಹೇಳಿ, ಕಾಕಡದ ರೇಟಿಗೆ ಕೊಡಬೇಕಿತ್ತು.

ಮೊಗ್ಗಿಲ್ಲದ ಗಿಡ ಕೊಳ್ಳಬೇಡಿ. ಹೂವಿದ್ದರೆ ಮೂಸಿ ನೋಡಿ, ಎಲೆಯ ಬುಡ ನೋಡಿ. ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಕೇಳಿ, ಇಲ್ಲಾ ಹಡಗಲಿ ಕಡೆ ನೆಂಟರಿದ್ದರೆ ಅವರ ತೋಟದಿಂದ ಕಡ್ಡಿ ತರಿಸಿ ಬೇರು ಬರಿಸಿಕೊಳ್ಳಿ. ಆ ಟಂಟಂ ಈಗ ಸಿರುಗುಪ್ಪ ಕಡೆ ತಿರುಗುತ್ತಿದೆಯಂತೆ. ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ ಇವತ್ತೇ ಹೇಳಿಬಿಡಿ.